ಹಾರದ ಹಿಟ್ಟು

ಬೈಲಹೊಂಗಲದ ನಮ್ಮ ಮನೆಗೆ ಈ ವಾರ ಬಣ್ಣ ಹೊಡೆಸುತ್ತಿದ್ದೇವೆ. ಮೊನ್ನೆ ಬೆಳಿಗ್ಗೆ ಬಣ್ಣದವನು ಬಿಳಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಕೋಲು ಇಳಿಸಿ, "ಅಡಿಗೆ ಗಟ್ಟಿ ಕುಂತೈತ್ರಿ ಸರ, ಚೊಲೋತ್ನಂಗ ತಿರುವಬೇಕು" ಅಂದ. ತಿರುವುತ್ತಿದ್ದಂತೆ ಒಂದು ವಾಸನೆ ಎದ್ದಿತು. ಹಸಿ ಸುಣ್ಣವೂ ಅಂಟೂ ಕೂಡಿದ ತಣ್ಣನೆಯ ವಾಸನೆ. ನಾನು ಪೇಪರು ಮಡಿಚಿಟ್ಟು ಅವನ ಹತ್ತಿರ ಹೋಗಿ ನಿಂತೆ. "ಅವರ ಕೆಲಸಾ ಅವರಿಗೆ ಮಾಡಾಕ ಬಿಡ್ರಿ" ಎಂದು ಹೆಂಡತಿ ಒಳಗಿನಿಂದಲೇ ಕೂಗಿದಳು. ವರ್ಷಗಟ್ಟಲೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವನಿಗೆ, ಯಾರು ಏನು ಕಲಸುತ್ತಿದ್ದರೂ ಹೋಗಿ ಮೂಗು ತೂರಿಸುವ ಚಟ ಎಂಬುದು ಅವಳ ದೂರು. ದೂರು ಸುಳ್ಳೇನಲ್ಲ. ಆದರೆ ಮೊನ್ನೆ ಆ ವಾಸನೆಗೆ ನನಗೆ ನೆನಪಾದದ್ದು ಅಕ್ಕ.

ಅಕ್ಕನ ಹೆಸರು ಗಂಗವ್ವ. ಅವಳನ್ನು ಕೊಟ್ಟದ್ದು ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ದಾರಿಯ ಒಂದು ಊರಿಗೆ. ಊರಿನ ಹೆಸರು ನಿಮಗೆ ಬೇಕಾಗಿಲ್ಲ. ಆಗಿನ ಕಾಲಕ್ಕೆ ಕಂಡಕ್ಟರಿಗೆ "ಬಿಳಿ ಶೆಡ್ಡು" ಅಂದರೆ ಸಾಕು, ಇಳಿಸಿಬಿಡುತ್ತಿದ್ದ. ಶೆಡ್ಡು ಅಕ್ಕನ ಗಂಡ ರುದ್ರಪ್ಪನದು. ನಾನು ಅವನನ್ನು ಮಾಮಾ ಎನ್ನುತ್ತಿದ್ದೆ. ಬೆಣಚುಕಲ್ಲಿನ ಚೂರುಗಳನ್ನು ದೊಡ್ಡ ಡ್ರಮ್ಮಿಗೆ ತುಂಬಿ, ಗಟ್ಟಿ ಗುಂಡುಗಳ ಜೊತೆ ಗಂಟೆಗಟ್ಟಲೆ ತಿರುಗಿಸಿ, ಮೈದಾದಷ್ಟು ನುಣ್ಣಗೆ ಮಾಡಿ ಪಿಂಗಾಣಿ ಕಾರ್ಖಾನೆಗಳಿಗೆ ಕಳಿಸುವುದು ಅವನ ಕಸುಬು. ಶೆಡ್ಡಿನ ತಗಡು, ತೊಲೆ, ಮುಂದಿನ ಬೇವಿನ ಮರ ಎಲ್ಲವೂ ಬೆಳ್ಳಗೆ. ಸಂಜೆ ಮಾಮಾ ಮನೆಗೆ ಬಂದರೆ ಹುಬ್ಬು, ಮೀಸೆ, ಕಿವಿಯ ಕೂದಲು ಕೂಡ ಬೆಳ್ಳಗಾಗಿರುತ್ತಿದ್ದವು. ಮೈತುಂಬ ವಿಭೂತಿ ಬಡಿದುಕೊಂಡವನಂತೆ ಪಡಸಾಲೆಯಲ್ಲಿ ಕುಳಿತು ನಗುತ್ತಿದ್ದ.

"ಮುದುಕ ಆದಮ್ಯಾಲೆ ಹೆಂಗ ಕಾಣತೇನಿ ಅನ್ನೂದನ್ನ ನಿಮ್ಮಕ್ಕಗ ದಿನಾ ತೋರಸ್ತೇನಿ ನೋಡು."

ಮುದುಕನಾಗುವವರೆಗೆ ಅವನು ಉಳಿಯಲಿಲ್ಲ. ಮೊದಲು ಕೆಮ್ಮು ಬಂತು. ಕ್ಷಯ ಇರಬೇಕೆಂದು ಗುಳಿಗೆ ಕೊಟ್ಟರು, ನುಂಗಿದ. ಕೆಮ್ಮು ಹೋಗಲಿಲ್ಲ, ಮೈ ಇಳಿಯಿತು. ಕೊನೆಗೆ ಬೆಳಗಾವಿಯ ಡಾಕ್ಟರೊಬ್ಬರು ಎದೆಯ ಫೋಟೋ ಬೆಳಕಿಗೆ ಹಿಡಿದು, "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತಿದೆ, ಅದನ್ನು ಹೊರಗೆ ತೆಗೆಯುವ ಔಷಧ ಇಲ್ಲ, ಇನ್ನು ಶೆಡ್ಡಿಗೆ ಕಾಲಿಡಬೇಡಿ ಅಂದರು. ಶೆಡ್ಡಿಗೆ ಬೀಗ ಬಿತ್ತು. ಮಾಮಾನಿಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಅಕ್ಕ ಬೆನ್ನಿಗೆ ತನ್ನ ಹೆಗಲು ಕೊಟ್ಟು ಅವನನ್ನು ಕೂರಿಸಿಕೊಂಡು ಅಂಬಲಿ ಕುಡಿಸುತ್ತಿದ್ದಳು. ಹಾಗೆ ಕೂತಲ್ಲಿಯೇ ಒಂದು ಮಧ್ಯಾಹ್ನ ಅವನು ಹೋದ.

ಮಣ್ಣು ಮಾಡಿ, ದಿನಕರ್ಮಗಳೆಲ್ಲ ಮುಗಿದ ಮೇಲೆ, ಯಂತ್ರ ಮಾರಿಬಿಡು ಎಂದು ಎಲ್ಲರೂ ಅಕ್ಕನಿಗೆ ಹೇಳಿದರು. ನಾನೂ ಹೇಳಿದೆ. ಕೊಳ್ಳಲು ಒಬ್ಬ ಬಂದೂ ಬಂದ. ಡ್ರಮ್ಮು ಬಡಿದು ನೋಡಿದ, ಮೋಟಾರು ತಿರುಗಿಸಿ ನೋಡಿದ, ಎಲ್ಲ ಪಸಂದಾಯಿತು. ಅಕ್ಕ ಚಹಾ ಕೊಟ್ಟು ಕೇಳಿದಳು:

"ಒಯ್ದು ಹೆಂಗ ನಡಸ್ತೀರಿ ಇದನ್ನ?"

"ಹಿಂಗ ರೀ, ಒಣಾ. ಮತ್ತ ಹೆಂಗ?"

"ಹಂಗಾದ್ರ ನಾ ಕೊಡೂದಿಲ್ರಿ."

ಅವನು ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋದ. ಮಾಮಾನ ಅಣ್ಣ ರೇಗಿದರು. ಅಕ್ಕ ತಲೆ ಮೇಲಿನ ಸೆರಗು ಸರಿಮಾಡಿಕೊಂಡು ಅಂದಳು: "ಅದು ಯಾವ ಊರಿಗೆ ಹೋದ್ರೂ ಅಲ್ಲಿ ಒಬ್ಬಾಕಿ ತನ್ನ ಗಂಡನ್ನ ಹಿಂಗ ಕುಂದರಿಸಿ ಅಂಬಲಿ ಕುಡಸಬೇಕಾಗತೈತಿ. ನನ್ನ ಕೈಲೆ ಅದನ್ನ ಕಳಸೂದಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ತಮ್ಮಾ, ಧೂಳಾ ಏಳದಂಗ ಕಲ್ಲು ಅರಿಯಾಕ ಬರೂದಿಲ್ಲೇನು?"

ಅಷ್ಟು ಜನರ ಮುಂದೆ ಅಕ್ಕ ನನ್ನ ವಿದ್ಯೆಯ ಮೇಲೆ ವಿಶ್ವಾಸವಿಟ್ಟು ಕೇಳಿದಾಗ ನನಗೂ ಎದೆ ಉಬ್ಬಿತು. "ಯಾಕ ಬರೂದಿಲ್ಲ? ನೀರು ಹಾಕಿ ಅರದ್ರ ಆತು" ಅಂದೆ. ಮುಂದಿನ ಭಾನುವಾರವೇ ಕೆಲಸಕ್ಕೆ ನಿಂತೆವು. ಜೊತೆಗೆ ದ್ಯಾಮಣ್ಣನೂ ಇದ್ದ. ಮಾಮಾನ ಮಗ್ಗುಲಲ್ಲೇ ವರ್ಷಗಟ್ಟಲೆ ದುಡಿದ ಆಳು, ಮಿತಭಾಷಿ. ಅವನಿಗೂ ಕೆಮ್ಮು ಹತ್ತಿತ್ತು. ಶೆಡ್ಡು ಮುಚ್ಚಿದ ಮೇಲೆ ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿರಲಿಲ್ಲ.

ಕಲ್ಲು, ಬಿಳಿ ಜೇಡಿ, ನೀರು ಹಾಕಿ ಡ್ರಮ್ಮು ತಿರುಗಿಸಿದೆವು. ಧೂಳು ಏಳಲಿಲ್ಲ, ನಿಜ. ಅರೆದದ್ದನ್ನು ಪೀಪಾಯಿಗೆ ಇಳಿಸಿ ನಾನು ಹೆಮ್ಮೆಯಿಂದ ಬೈಲಹೊಂಗಲಕ್ಕೆ ಬಂದೆ. ಮರುವಾರ ಹೋಗಿ ನೋಡಿದರೆ ಮೇಲೆ ತಿಳಿನೀರು, ಕೆಳಗೆ ಬಂಡೆ. ದ್ಯಾಮಣ್ಣ ಉಳಿ ಸುತ್ತಿಗೆ ತಂದು ಅದನ್ನು ಒಡೆಯುತ್ತ, "ಸರ, ಕಲ್ಲು ಹಾಕಿದ್ವಿ, ಕಲ್ಲಽ ಬಂತ್ರಿ" ಅಂದ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮಾಮಾ ಹೋದಮೇಲೆ ಅವಳು ನಕ್ಕದ್ದು ಅದೇ ಮೊದಲು. ನನಗೆ ನನ್ನ ಸೋಲಿನ ಬಗ್ಗೆ ಹೇಳಿಕೊಳ್ಳುವಷ್ಟು ದುಃಖವೇನೂ ಆಗಲಿಲ್ಲ.

ಕಲ್ಲನ್ನು ಎಷ್ಟು ಸಣ್ಣಗೆ ಅರೆಯುತ್ತೇವೋ ಅಷ್ಟು ಅದರ ಕಣಗಳು ಒಂದನ್ನೊಂದು ಹುಡುಕಿಕೊಂಡು ಅಂಟುತ್ತವೆ. ರವೆಯನ್ನು ಹಾಗೆಯೇ ಕುದಿನೀರಿಗೆ ಸುರಿದರೆ ಗಂಟಾಗುವುದಿಲ್ಲವೇ, ಹಾಗೆ. ಅವುಗಳನ್ನು ಬೇರೆ ಬೇರೆ ಇಡಲು ನೀರಿನಲ್ಲಿ ಕರಗುವ ಪಾಲಿಮರ್ ಬೇಕು, ಅಂಟಿನಂಥ ಒಂದು ಪುಡಿ. ಅದರ ಉದ್ದುದ್ದ ಎಳೆಗಳು ಪ್ರತಿ ಕಣವನ್ನೂ ಸುತ್ತಿಕೊಂಡು, ಪಕ್ಕದ್ದು ಹತ್ತಿರ ಬರದಂತೆ ತಡೆಯುತ್ತವೆ. ಪುಸ್ತಕದಲ್ಲಿ ಇಷ್ಟನ್ನು ಓದಲು ಅರ್ಧ ಗಂಟೆ ಸಾಕು. ಶೆಡ್ಡಿನಲ್ಲಿ ಮಾಡಲು ಒಂದು ಬೇಸಿಗೆಯೇ ಹೋಯಿತು. ಪಾಲಿಮರ್ ಹೆಚ್ಚಾದರೆ ಇಡೀ ಡ್ರಮ್ಮು ಮುದ್ದೆಯಾಗುತ್ತಿತ್ತು. ತಣ್ಣೀರಿಗೆ ಹಾಕಿದರೆ ಕರಗದೆ ಕಪ್ಪೆಮೊಟ್ಟೆಯಂತೆ ತೇಲುತ್ತಿತ್ತು. ಅಕ್ಕ ಹಿತ್ತಲಲ್ಲಿ ಒಲೆ ಹೂಡಿ ನೀರು ಕಾಸುತ್ತಿದ್ದಳು, ನಾನು ಪುಡಿಯನ್ನು ಚೂರು ಚೂರೇ ಉದುರಿಸುತ್ತಿದ್ದೆ, ದ್ಯಾಮಣ್ಣ ತಿರುವುತ್ತಿದ್ದ. ಅಂಟಿನ ನೀರು ತಿಳಿಯಾಗಿ ಆರಿದ ಮೇಲೆ ಡ್ರಮ್ಮಿಗೆ. ಮೂವರೂ ಸೇರಿ ತಪ್ಪು ಮಾಡಿದೆವು, ಸೇರಿಯೇ ತಿದ್ದಿಕೊಂಡೆವು.

ಕೊನೆಗೆ ಒಂದು ದಿನ ಡ್ರಮ್ಮಿನ ಬಾಯಿ ತೆರೆದಾಗ ಎಮ್ಮೆ ಹಾಲಿನಂಥ ಗಂಜಿ ಧಾರೆ ಕಡಿಯದೆ ಇಳಿಯಿತು. ಒಂದು ವಾರ ಬಿಟ್ಟರೂ ಅಡಿಗೆ ಕೂರಲಿಲ್ಲ. ಆ ಸಂಜೆ ದ್ಯಾಮಣ್ಣ ಹೊರಗಿನ ತೊಟ್ಟಿಯಲ್ಲಿ ಕೈ ತೊಳೆದು, ಬಾಗಿಲಿಗೆ ತೂಗುಹಾಕಿದ್ದ ಒಡಕು ಕನ್ನಡಿಯ ಮುಂದೆ ಸುಮ್ಮನೆ ನಿಂತುಬಿಟ್ಟ. ಅಕ್ಕ ಏನೆಂದು ಕೇಳಿದಳು.

"ಏನಿಲ್ರಿ ಅಕ್ಕಾರ. ಕೆಲಸಾ ಮುಗದಮ್ಯಾಲೂ ನನ್ನ ಮಾರಿ ನನಗ ಕಾಣಾಕ ಹತ್ತೈತಿ."

ರಾಮದುರ್ಗದ ಕಡೆ ಮಗ್ಗಗಳಿವೆಯಲ್ಲ, ಅವುಗಳಲ್ಲಿ ನೂಲು ಹಾಯುವುದಕ್ಕೆ ಪಿಂಗಾಣಿಯ ಸಣ್ಣ ಕಣ್ಣುಗಳು ಬೇಕು. ಗಂಜಿಯನ್ನು ಅಚ್ಚಿಗೆ ಹೊಯ್ದು, ಆರಿಸಿ, ಬೆಳಗಾವಿಯ ಭಟ್ಟಿಗೆ ಕಳಿಸಿ ಸುಡಿಸಿ ಅಕ್ಕ, ದ್ಯಾಮಣ್ಣ ಅಂಥ ಕಣ್ಣುಗಳನ್ನು ಮಾಡತೊಡಗಿದರು. ಅಕ್ಕನ ಕಟ್ಟಳೆಗಳು ಬಿಗಿಯಾಗಿದ್ದವು. ಕಲ್ಲು ನೆನೆಸದೆ ಒಳಗೆ ತರುವಂತಿಲ್ಲ. ಚೆಲ್ಲಿದ್ದು ಒಣಗುವ ಮೊದಲೇ ಹಸಿ ಅರಿವೆಯಿಂದ ಒರೆಸಬೇಕು. ಕಸಬರಿಗೆಯಂತೂ ಆ ಬಾಗಿಲು ದಾಟುವ ಹಾಗೇ ಇಲ್ಲ.

ದ್ಯಾಮಣ್ಣ ಬಹಳ ವರ್ಷ ಉಳಿಯಲಿಲ್ಲ. ಹೊಸ ಧೂಳು ನಿಂತಿತ್ತು. ಒಳಗೆ ಸೇರಿದ್ದ ಹಳೆಯದು ಮಾಮಾನಿಗೆ ಮಾಡಿದ್ದನ್ನೇ ಅವನಿಗೂ ಮಾಡಿತು. ಅವನ ಹೆಂಡತಿ ಯಲ್ಲವ್ವ ಒಂದು ದಿನ ಸೊಸೆಯನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದಳು. ಸೊಸೆಗೆ ಕೆಲಸ ಬೇಕಿತ್ತು, ಆದರೆ ಆ ಶೆಡ್ಡಿಗೆ ಕಳಿಸಲು ಯಲ್ಲವ್ವನಿಗೆ ಧೈರ್ಯ ಸಾಲುತ್ತಿರಲಿಲ್ಲ. ಅಕ್ಕ ಯಲ್ಲವ್ವನ ಕೈ ಹಿಡಿದು ಶೆಡ್ಡಿಗೆ ಕರೆದೊಯ್ದು, ಗಂಜಿಯ ಪೀಪಾಯಿಯೊಳಗೆ ಆ ಕೈಯನ್ನು ಮಣಿಕಟ್ಟಿನವರೆಗೆ ಇಳಿಸಿದಳು.

"ನೋಡು ಯಲ್ಲವ್ವಾ. ಹಾರೂದಿಲ್ಲ ಇದು."

ಯಲ್ಲವ್ವ ಕೈ ಮೇಲೆತ್ತಿ, ಗಂಜಿ ತೊಟ್ಟಿಕ್ಕುವುದನ್ನು ನೋಡುತ್ತ ಅತ್ತಳು. ಮರುದಿನದಿಂದ ಸೊಸೆ ಕೆಲಸಕ್ಕೆ ಬಂದಳು.

ಇಷ್ಟೆಲ್ಲ ನೆನಪಾದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ನಿನ್ನೆ ಬೆಳಿಗ್ಗೆ ಬಸ್ಸು ಹತ್ತಿದೆ. ಅಕ್ಕನಿಗೆ ಈಗ ವಯಸ್ಸಾಗಿದೆ. ಊಟವಾದ ಮೇಲೆ ಇಬ್ಬರೂ ಶೆಡ್ಡಿನ ಕಡೆ ಹೊರಟೆವು. ದಾರಿ ಸಣ್ಣದೇ, ಅದರಲ್ಲೂ ನಡುವೆ ಅವಳು ನಿಂತಳು. ಬಾಯಿ ತೆರೆದು ಉಸಿರು ಎಳೆದುಕೊಳ್ಳುವ ಆ ರೀತಿಯನ್ನು ನಾನು ಹಿಂದೆ ನೋಡಿದ್ದೆ.

"ಅಕ್ಕಾ, ಯಾವಾಗಿಂದ?"

"ಭಾಳ ದಿನಾ ಆತು. ಮೊದಲಿಗೆ ಆಳು ಎಲ್ಲಿದ್ರು? ನಾನೂ ಅವರೂ ಕೂಡೇ ಜರಡಿ ಹಿಡೀತಿದ್ವಿ. ಬೆಳಗಾವ್ಯಾಗ ಅವರ ಎದಿ ಫೋಟೋ ತಗದ ದಿನಾನ ನಂದೂ ತಗದಿದ್ರು. ನಂದು ಕಡಿಮಿ ಐತಿ, ನಿಧಾನ ಹೆಚ್ಚಾಗತೈತಿ ಅಂದ್ರು."

ಯಂತ್ರ ಮಾರುವುದಿಲ್ಲ ಎಂದ ದಿನ ಅವಳಿಗೆ ಇದು ಗೊತ್ತಿತ್ತು. ನನ್ನ ಬಂಡೆ ನೋಡಿ ನಕ್ಕಾಗಲೂ, ಒಲೆಯ ಮುಂದೆ ನೀರು ಕಾಸುವಾಗಲೂ ಗೊತ್ತಿತ್ತು. ಗಂಡನ ನೆನಪಿಗಾಗಿ ಇದೆಲ್ಲ ಮಾಡುತ್ತಿದ್ದಾಳೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಅಳಕೋತ ಕುಂದರ್ತಿದ್ದಿ. ಗಂಜಿ ಯಾರು ಕಲಸ್ತಿದ್ರು?"

ಅವಳು ನಡೆದಾಗ ನಡೆದೆ, ನಿಂತಾಗ ನಿಂತೆ. ಶೆಡ್ಡು ಹತ್ತಿರವಾದಂತೆ ಡ್ರಮ್ಮು ತಿರುಗುವ ಸದ್ದಿನ ಮೇಲೆ ಇನ್ನೊಂದು ಸದ್ದು ಕೇಳಿಸಿತು. ಯಲ್ಲವ್ವನ ಸೊಸೆ ಅಚ್ಚಿಗೆ ಗಂಜಿ ಹೊಯ್ಯುತ್ತ ಹಾಡುತ್ತಿದ್ದಳು. ಒಳ್ಳೆಯ ಕಂಠವೇನಲ್ಲ, ಆದರೆ ದೊಡ್ಡದು. ಒಂದೇ ಉಸಿರಿನಲ್ಲಿ ಇಡೀ ಸಾಲು ಎಳೆದು, ತಗಡು ನಡುಗುವಂತೆ ಮುಗಿಸಿ, ತಡೆಯಿಲ್ಲದೆ ಮುಂದಿನದಕ್ಕೆ ಹೋಗುತ್ತಿದ್ದಳು.

ಅಕ್ಕ ಬಾಗಿಲ ಚೌಕಟ್ಟಿಗೆ ಕೈಕೊಟ್ಟು ನಿಂತು, ದಮ್ಮು ಸುಧಾರಿಸಿಕೊಳ್ಳುತ್ತ ಕೇಳಿಸಿಕೊಂಡಳು.

"ಭಾಳ ಒದರತಾಳ ಈಕಿ" ಅಂದಳು. ಸಾಕು ನಿಲ್ಲಿಸು ಎನ್ನಲಿಲ್ಲ.