ಭಾಮೈದನ ಹುಟ್ಟಿಗೆ ಅಗಸೆ ಎಣ್ಣೆ

ಹಡಗಲಿ ಸೀಮೆಯಲ್ಲಿ ನನ್ನಷ್ಟು ನಯವಾಗಿ ಮರ ಕೆತ್ತುವವರಿಲ್ಲ. ನನ್ನಷ್ಟು ನಯವಾಗಿ ಜನರನ್ನು ಮಂಗ ಮಾಡುವವರೂ ಇಲ್ಲ. ಮೊದಲನೆಯದನ್ನು ಊರವರೆಲ್ಲ ಹೇಳುತ್ತಾರೆ. ಎರಡನೆಯದನ್ನು ಮಾಗಳದ ನನ್ನ ಭಾಮೈದ ಹೇಳುತ್ತಾನೆ.

ಅವನು ತುಂಗಭದ್ರೆಯಲ್ಲಿ ಹರಿಗೋಲು ನಡೆಸುವವನು. ನನ್ನ ಮದುವೆಯಾದ ಹೊಸದರಲ್ಲಿ ಅವನನ್ನು ನೋಡಲು ಹೆಣ್ಣಿನ ಕಡೆಯವರು ಬಂದಿದ್ದರು. ಅವರೆದುರು ಮೆರೆಯಲು ಇವನು ಹರಿಗೋಲು ಹತ್ತಿದ. ನೀರು ಎಳೆಯುವ ಹುಟ್ಟಿನ ಹಿಡಿಗೆ ನಾನು ಮೊದಲೇ ಔಡಲ ಎಣ್ಣೆ ಸವರಿಟ್ಟಿದ್ದೆ. ನಡುನೀರಿನಲ್ಲಿ ಹುಟ್ಟು ಮೀನಿನಂತೆ ಕೈ ಜಾರಿ ಹೋಯಿತು. ಇವನು ಬರಿಗೈಯಲ್ಲಿ ನೀರು ಬಾಚುತ್ತಾ, ಬುಗುರಿಯಂತೆ ತಿರುಗುತ್ತಾ ದಡ ಸೇರಿದ. ಹುಡುಗಿಯ ಅಪ್ಪ ಹೊಟ್ಟೆ ಹಿಡಿದು ನಕ್ಕ. ಅದೇ ಖುಷಿಯಲ್ಲಿ ಸಂಬಂಧವನ್ನೂ ಒಪ್ಪಿದ. ಆ ಮದುವೆ ಮಾಡಿಸಿದ್ದು ನಾನೇ ಎಂದು ಇವತ್ತಿಗೂ ಹೇಳಿಕೊಂಡು ತಿರುಗುತ್ತೇನೆ.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಕಾಲು ಸರಿಹೋಯಿತು, ಬಲಗೈಯ ಹಿಡಿತ ಸಡಿಲವಾಯಿತು. ಇನ್ನು ನದಿಗಿಳಿಯಬೇಡ ಎಂದು ಮನೆಯವರೆಲ್ಲ ಹೇಳಿದರು. ಅವನು ನೆಟ್ಟಗೆ ನನ್ನಲ್ಲಿಗೆ ಬಂದ.

“ಮಾವ, ಹಗುರಂದು ಒಂದು ಹುಟ್ಟು ಮಾಡಿಕೊಡು. ಮ್ಯಾಲ ವಾರ್ನಿಷ್ ಹೊಡಿ. ಫಳಫಳ ಅನ್ನಬೇಕು.”

“ವಾರ್ನಿಷ್ ಒದ್ದಿ ಆದ್ರ ಜಾರತೈತಲೇ. ಬಿಸಲಿಗೆ ಸಿಪ್ಪಿನೂ ಏಳತೈತಿ.”

“ಹಂಗಾರ ಡಾಂಬರು?”

“ಅದು ಹರಿಗೋಲಿನ ತಳಕ್ಕ, ನಿನ್ನ ಅಂಗೈಗಲ್ಲ. ಅಗಸಿ ಎಣ್ಣಿ ಕುಡಿಸ್ತೀನಿ. ಕಟಿಗಿ ಒಳಗ ಇಂಗಿ ಒಣಗತೈತಿ, ಜಿಡ್ಡು ಉಳಿಯಂಗಿಲ್ಲ.”

ಅವನು ಕಣ್ಣು ಕಿರಿದು ಮಾಡಿದ. “ಎಣ್ಣಿ? ಮತ್ತ ಎಣ್ಣಿ? ನಿನ್ನ ಕೈಯಾಗಿನ ಎಣ್ಣಿ ನನಗ ಗೊತ್ತೈತಿ ಬಿಡು!”

ಹುಟ್ಟು ಕೆತ್ತಿ, ನೀರಿಗಿಳಿಯುವ ಅದರ ಅಗಲ ಅಲಗಿಗೆ ಬಟ್ಟೆಯಿಂದ ತೆಳ್ಳಗೆ ಮೂರು ಸಲ ಎಣ್ಣೆ ಉಜ್ಜಿದೆ, ಒಂದು ಪೂರ್ತಿ ಒಣಗಿದ ಮೇಲೆ ಇನ್ನೊಂದು. ಹಿಡಿಗೆ ಒಂದೇ ಸಲ. ಅದನ್ನು ನುಣ್ಣಗೆ ಮಾಡದೆ ಬೇಕೆಂದೇ ತುಸು ಒರಟಾಗಿ ಬಿಟ್ಟೆ. ನನ್ನ ಜನ್ಮದಲ್ಲಿ ಒರಟು ಬಿಟ್ಟ ಕೆಲಸ ಅದೊಂದೇ. ಪ್ರತಿ ಸಲವೂ ಅವನು ಬಂದು ಹಿಡಿಯನ್ನು ಮೂಸಿ ನೋಡಿ ಹೋಗುತ್ತಿದ್ದ.

ಕೊನೆಗೆ ಮಾಗಳದ ದಡದಲ್ಲಿ ನನ್ನನ್ನೂ ಹರಿಗೋಲಿಗೆ ಹತ್ತಿಸಿದ. “ಜಾರಿದ್ರ ಇಬ್ರೂ ಕೂಡೇ ತಿರುಗೋಣು, ಬಾ.”

ನನ್ನ ಕಣ್ಣೆಲ್ಲ ಅವನ ಬಲಗೈ ಮೇಲೆ. ಹತ್ತು ಸಲ ನೀರು ಎಳೆದ, ಇಪ್ಪತ್ತು ಸಲ ಎಳೆದ. ಬೆರಳು ಬಿಡಲಿಲ್ಲ. ನಡುನೀರಿನಲ್ಲಿ ಹುಟ್ಟನ್ನು ಎತ್ತಿ ಹಿಡಿದ; ಅಲಗಿನ ಮೇಲಿನ ನೀರು ಮಣಿಮಣಿಯಾಗಿ ಉರುಳಿತು. ಆಮೇಲೆ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕಾಲು ಚಾಚಿದ.

“ಹೂಂ ಮಾವ, ಈಗ ನೀ ಕೈಲೆ ಬಾಚು. ಮದುವಿ ಆದಾಗಿಂದ ಕಾಯಾಕತ್ತೀನಿ.”

ಬಾಚಿದೆ. ಬುಗುರಿಯಂತೆ ತಿರುಗಿದೆ. ದಡದ ಮೇಲೆ ಅವನ ಹೆಂಡತಿಯೂ ನನ್ನ ಹೆಂಡತಿಯೂ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನನ್ನ ಬುದ್ಧಿ ಬಿಡುತ್ತದೆಯೇ? ಅವನು ಆ ಕಡೆ ನೋಡುತ್ತಿದ್ದಾಗ ಅವನ ಬಲಗೈಯಲ್ಲಿದ್ದ ಹುಟ್ಟನ್ನು ಕಸಿಯಲು ಜೋರಾಗಿ ಎಳೆದೆ.

ಬರಲಿಲ್ಲ.