ಲೈಟ್ ಆರುವ ತನಕ

ಪೆನ್‌ಡ್ರೈವಿನ ತುದಿಯಲ್ಲಿ ಮಿನುಗುವ ಲೈಟನ್ನು ನೋಡಿ, ಅದು ಚಾರ್ಜ್ ಆಗುತ್ತಿದೆ ಎಂದು ನಂಬಿದ್ದ ಮಹಾನುಭಾವನೊಬ್ಬ ಒಂದು ಫೋಟೊ ಸ್ಟುಡಿಯೊಗೆ ಸಂಬಳಕ್ಕೆ ಸೇರಿದ. ಇದನ್ನು ಬರೆಯುತ್ತಿರುವವನು ಅವನೇ. "ಫುಲ್ ಆಗಿದೆ ಸಾರ್, ಎರಡು ದಿನ ಬರತ್ತೆ" ಎಂದು ಗಿರಾಕಿಯೊಬ್ಬರಿಗೆ ಭರವಸೆಯನ್ನೂ ಕೊಟ್ಟಿದ್ದ.

ಅದನ್ನು ಕೇಳಿ ನಗದೆ ಉಳಿದವಳು ಕೌಂಟರಿನ ಅಕ್ಕ ಒಬ್ಬಳೇ. ಎಲ್ಲರೂ ಅವಳನ್ನು ಲೈಟಕ್ಕ ಅನ್ನುತ್ತಿದ್ದರು. ಪರದೆಯ ಮೇಲೆ 'ಮುಗಿಯಿತು' ಎಂದು ಬಂದರೂ ಅವಳು ಪೆನ್‌ಡ್ರೈವ್ ಕೀಳುತ್ತಿರಲಿಲ್ಲ. ಒಲೆಯ ಮೇಲಿನ ಹಾಲು ಕಾಯುವವಳಂತೆ ಲೈಟನ್ನೇ ನೋಡುತ್ತ ಕೂರುತ್ತಿದ್ದಳು.

"ಬಾಯಿಗೆ ಹಾಕಿದ ತುತ್ತು ಹೊಟ್ಟೆಗೆ ಇಳೀಬೇಕಲ್ಲಪ್ಪ," ಅನ್ನುವಳು. "ಕಂಪ್ಯೂಟರ್ ಮುಗೀತು ಅನ್ನತ್ತೆ, ಅರ್ಧ ಇನ್ನೂ ತನ್ನ ಹತ್ರಾನೇ ಇಟ್ಕೊಂಡಿರತ್ತೆ. ಈ ಡ್ರೈವು ಆಮೆ, ನಿಧಾನಕ್ಕೆ ಬರ್ಕೊಳ್ಳತ್ತೆ. ಲೈಟ್ ಮಿನುಗ್ತಿರುವಾಗ ಕಿತ್ತರೆ ಹೋಯ್ತು."

ಮಹಾನುಭಾವ ಅದನ್ನು ಗಿಣಿಪಾಠ ಮಾಡಿಕೊಂಡ. ಯಾರ ಮುಂದಾದರೂ ಒಪ್ಪಿಸಲು ಅವನ ನಾಲಗೆ ತುರಿಸುತ್ತಿತ್ತು.

ಒಂದು ಮಧ್ಯಾಹ್ನ ಲೈಟಕ್ಕನ ತಮ್ಮ ಬಂದ. ಅಪ್ಪ ಸತ್ತಾಗಿನಿಂದ ಅಕ್ಕತಮ್ಮಂದಿರಿಗೆ ಮಾತಿಲ್ಲ ಎಂಬುದು ಸ್ಟುಡಿಯೊಗೆಲ್ಲ ಗೊತ್ತಿತ್ತು. ಆಸ್ಪತ್ರೆಯಲ್ಲಿ ಅಪ್ಪ ಇಬ್ಬರ ಹೆಸರು ಹಿಡಿದು ಆಡಿದ ಕೊನೆಯ ಮಾತು ಪಕ್ಕದ ಮಂಚದವರ ಫೋನಿನಲ್ಲಿ ರೆಕಾರ್ಡ್ ಆಗಿ ಉಳಿದಿತ್ತು. ಇಬ್ಬರೂ ಓಡಿಬಂದು ಇದೇ ಕಂಪ್ಯೂಟರಿನಲ್ಲಿ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಅವರು ಕೇಳಿಕೊಂಡಂತೆ ಫೋನಿನದನ್ನು ಅಳಿಸಿ ವಾಪಸು ಕೊಟ್ಟಿದ್ದರು. ತಮ್ಮ ಅದನ್ನು ಜೇಬಿನಲ್ಲಿಟ್ಟು ಮನೆಗೆ ಒಯ್ದ. ತೆರೆದರೆ ಏನೂ ಇಲ್ಲ. "ಅಪ್ಪನ್ನ ಜೇಬಲ್ಲೇ ಕೊಂದ್ಯಲ್ಲೋ" ಎಂದು ಬಳಗವೆಲ್ಲ ಉಗಿಯಿತು. ಅವನು ಮನೆ ಬಿಟ್ಟ. ಅಕ್ಕ ತುಟಿಪಿಟಕ್ಕೆನ್ನಲಿಲ್ಲ.

ಈಗ ಅದೇ ಪೆನ್‌ಡ್ರೈವನ್ನು ಕೌಂಟರಿನ ಮೇಲಿಟ್ಟ. "ಹೊಸದೇನೋ ಸಾಫ್ಟ್‌ವೇರ್ ಬಂದಿದ್ಯಂತೆ. ಇನ್ನೊಂದ್ಸಲ ನೋಡಕ್ಕ."

ನೋಡಿದಳು. ಫೈಲಿಗೆ 'ಅಪ್ಪ' ಎಂಬ ಹೆಸರಿತ್ತು. ಒಳಗೆ ಸೊನ್ನೆ.

"ಬೆವರು ತಾಗಿ ಹಾಳಾಯ್ತೇನೋ," ಎಂದ ತಮ್ಮ, ಅಂಗಿತೋಳಿನಿಂದ ಮೂಗು ಒರೆಸಿಕೊಳ್ಳುತ್ತ. "ನಂದೇ ತಪ್ಪು, ಬಿಡಕ್ಕ."

ಸುಮ್ಮನಿರಲಾರದೆ ಮಹಾನುಭಾವ ಬಾಯಿ ಹಾಕಿದ. "ಜೇಬಲ್ಲಿ ಹೀಗಾಗಲ್ಲ ಸಾರ್. ಹೆಸರಿದ್ದು ಒಳಗೇನೂ ಇಲ್ಲ ಅಂದ್ರೆ, ಲೈಟ್ ಆರೋ ಮುಂಚೆನೇ ಕಿತ್ತಿದ್ದಾರೆ. ಅವತ್ತು ಕಿತ್ತಿದ್ದು ಯಾರು?"

ತಮ್ಮ ಮೆಲ್ಲಗೆ ಅಕ್ಕನ ಕಡೆ ತಿರುಗಿದ.

"ನಾನೇ," ಎಂದಳು ಲೈಟಕ್ಕ. "ಗೊತ್ತಾದ್ಮೇಲೂ ಬಾಯ್ಬಿಡ್ಲಿಲ್ಲ."