ಯಾವ್ಯಾವ ಬೆಟ್ಟ ಕಂಡು ಬಂದೆ?

ಪೋಲೆಂಡಿನ ದಕ್ಷಿಣದಂಚಿನ ಬೆಟ್ಟಗಳಲ್ಲಿತ್ತು ನಮ್ಮೂರು, ಮಾತು ಮಾತ್ರ ಪೋಲಿಷ್ ಅಲ್ಲ, ನಮ್ಮದೇ ಬೇರೆ. ಅಲ್ಲಿನ ಗಂಡಸರದ್ದು ಗಾಡಿ ಚಕ್ರದ ಕೀಲೆಣ್ಣೆ ವ್ಯಾಪಾರ. ಹಿಮ ಕರಗಿ ದಾರಿ ಗಟ್ಟಿಯಾದ ಕೂಡಲೇ ಕುದುರೆಗಾಡಿಗೆ ಎಣ್ಣೆ ಪೀಪಾಯಿ ಹೇರಿಕೊಂಡು ಹೊರಟರೆ, ತಿರುಗಿ ಬರುವುದು ಆಲೂಗಡ್ಡೆ ಅಗೆಯುವ ಕಾಲಕ್ಕೆ. ಬಂದವನು ದಡಕ್ಕನೆ ಗಾಡಿ ಇಳಿಯುವಂತಿಲ್ಲ. ಹೆಂಡತಿ ಬೇಲಿ ಬಾಗಿಲಿಗೆ ಬಂದು, ಯಾವ್ಯಾವ ಬೆಟ್ಟ ಕಂಡು ಬಂದೆ ಅಂತ ಕೇಳಬೇಕು. ಅವನು ಗಾಡಿಯ ಮೇಲೇ ಕೂತು, ತಾನು ಸುತ್ತಿದ ಒಂದೊಂದು ಸೀಮೆಯವರೂ ಬೆಟ್ಟಕ್ಕೆ ಅನ್ನುವ ಮಾತನ್ನು ಅವರ ಬಾಯಲ್ಲಿ ಬರುವ ಹಾಗೇ ಹೇಳಿ, ಕಟ್ಟಕಡೆಗೆ ನಮ್ಮದನ್ನು ಹೇಳಬೇಕು. ಆಗ ಅವಳು ಕೈ ಚಾಚುತ್ತಾಳೆ, ಇವನು ಇಳಿಯುತ್ತಾನೆ. ಅವಳು ಕೇಳುವ ಮೊದಲೇ ಇಳಿದವನು ಇನ್ನೂ ದಾರಿಯಲ್ಲೇ ಇದ್ದಾನೆ ಅಂತಲೇ ನಮ್ಮವರ ಲೆಕ್ಕ.

ಈ ಹೇಳುವ ಕೆಲಸದಲ್ಲಿ ನಮ್ಮ ಸೋದರಮಾವ ಓನುಫ್ರಿಯನ್ನು ಮೀರಿಸಿದವನನ್ನು ನಾನು ಕಾಣೆ. ಅವನು ಬರುವ ದಿನ ಅಕ್ಕಪಕ್ಕದವರೆಲ್ಲ ಬೇಲಿಗೆ ಬಂದು ನಿಲ್ಲುತ್ತಿದ್ದರು. ಪೋಲೆಂಡಿನವರ ಬೆಟ್ಟ ಬಂದಾಗ ತುಟಿ ಮುಂದೆ ಚಾಚಿ ‘ಗೂರಾ’ ಅನ್ನುವನು. ರಷ್ಯದವರದ್ದಕ್ಕೆ ಕೊನೆಯನ್ನು ಎತ್ತಿ ಎಸೆದು ‘ಗರಾ’. ಸ್ಲೊವೇನಿಯದವರದ್ದು ಎದೆಯಿಂದ ಬರುವ ‘ಗೋರಾ’. ಒಂದು ಸಲ ಬಲ್ಗೇರಿಯದ ತನಕ ಹೋಗಿದ್ದನಂತೆ. ಅಲ್ಲಿಯವರು ಅದೇ ಮಾತನ್ನು ಇಟ್ಟುಕೊಂಡಿದ್ದಾರೆ, ಆದರೆ ಬೆಟ್ಟಕ್ಕಲ್ಲ, ಕೊಡಲಿ ಹಿಡಿದು ಹೋಗುವ ಕಾಡಿಗೆ ಅಂತ ಹೇಳಿ ನಗಿಸುತ್ತಿದ್ದ. ಸ್ಲೊವಾಕರದ್ದೂ ನಮ್ಮದೂ ಒಂದೇ, ‘ಹೋರಾ’. ಅವರು ಕೋಳಿ ಕಾಳು ಕುಕ್ಕಿದ ಹಾಗೆ ಬೇಗ ಮುಗಿಸುತ್ತಾರೆ, ನಾವು ಒಂದಿಷ್ಟು ಎಳೆಯುತ್ತೇವೆ. ಅವನು ಕೊನೆಯ ಆ ಹೋರಾ ಹೇಳುವಾಗ ಟೋಪಿ ತೆಗೆದು, ಮನೆಯ ಹಿಂದಿನ ಬೆಟ್ಟದ ಕಡೆ ಮುಖ ಮಾಡುತ್ತಿದ್ದ.

ಅವನ ಹೆಂಡತಿ ತೆಕ್ಲಾ ಅತ್ತೆಯೂ ಕಮ್ಮಿಯವಳಲ್ಲ. ಒಂದು ವರ್ಷ ಇವನು ಎಲ್ಲೋ ಮದುವೆ ಊಟಕ್ಕೆ ನಿಂತು ತಡವಾಗಿ ಬಂದ. ಅವಳು ಬೇಲಿ ಬಾಗಿಲಿಗೆ ಬಂದಳು, ಸೊಂಟದ ಮೇಲೆ ಕೈ ಇಟ್ಟಳು, ಬಾಯಿ ಮಾತ್ರ ಬಿಡಲಿಲ್ಲ. ಒಲೆಯ ಮೇಲಿನ ಓಟ್ಸಿನ ಹುಳಿಗಂಜಿ ಆರಿ ಕೆನೆಗಟ್ಟುವವರೆಗೂ ಅವನನ್ನು ಗಾಡಿಯ ಮೇಲೇ ಕೂರಿಸಿದ್ದಳು.

ಮಹಾಯುದ್ಧ ಮುಗಿದ ಮೇಲೆ, ಕಾಡಿನ ಬಂಡುಕೋರರಿಗೆ ಅನ್ನ ಹಾಕುತ್ತೀರಿ ಅಂತ ಸೈನಿಕರು ಬಂದು ನಮ್ಮನ್ನೆಲ್ಲ ಊರಿಂದ ಎಬ್ಬಿಸಿ, ಸಾಮಾನಿನ ರೈಲಿಗೆ ತುಂಬಿ, ದೇಶದ ಇನ್ನೊಂದು ತುದಿಯ ಈ ಬಯಲುಸೀಮೆಯಲ್ಲಿ ಚೆಲ್ಲಿದರು. ಒಂದೂರಿನವರನ್ನು ಒಂದೂರಲ್ಲಿ ಇಡಲಿಲ್ಲ. ನಾನೂ ಮಾವನ ಮನೆಯೂ ಒಟ್ಟಿಗೆ ಉಳಿದದ್ದೇ ಪುಣ್ಯ. ಇಲ್ಲಿ ಎತ್ತ ನೋಡಿದರೂ ಒರೆಸಿದ ಹಲಗೆಯಂಥ ನೆಲ. ಕೀಲೆಣ್ಣೆ ಕೇಳುವವರಿಲ್ಲ. ಮಾವನ ಗಾಡಿ ಬೀಟ್‌ರೂಟು ಹೇರುವ ಗಾಡಿಯಾಯಿತು.

ಪಕ್ಕದ ಮನೆಗೆ ಬಂದವಳು ಸಬೀನಾ, ಪೂರ್ವದ ಗಡಿಯಿಂದ ಓಡಿ ಬಂದ ಪೋಲಿಷ್ ವಿಧವೆ. ಅವಳ ಅಣ್ಣ ತಮ್ಮಂದಿರನ್ನು ಕೊಂದವರ ಮಾತು ನಮ್ಮ ಮಾತಿನ ಹಾಗೇ ಕೇಳಿಸುತ್ತಿತ್ತಂತೆ. ನಾವು ಅಂಗಳದಲ್ಲಿ ಬಾಯಿ ತೆರೆದರೆ ಅವಳು ಕಿಟಕಿ ಮುಚ್ಚುತ್ತಿದ್ದಳು. ತಪ್ಪು ಅವಳದ್ದೂ ಅಲ್ಲ.

ಬಯಲಿಗೆ ಬಂದು ಕೆಲವು ವರ್ಷಕ್ಕೆ ತೆಕ್ಲಾ ಅತ್ತೆಗೆ ಮರೆವು ಹತ್ತಿತು. ಮೊದಮೊದಲು ಉಪ್ಪು ಎಲ್ಲಿಟ್ಟೆ ಅನ್ನುವುದು, ಆಮೇಲೆ ಮನೆ ಯಾವುದು ಅನ್ನುವುದು, ಕೊನೆಗೆ ಗಂಡನ ಮುಖವೇ. ಒಂದು ಬೆಳಿಗ್ಗೆ ಗಂಜಿ ಬಟ್ಟಲು ಹಿಡಿದು ಬಂದ ಮಾವನನ್ನು ದುರುಗುಟ್ಟಿ ನೋಡಿ, “ಯಾರಯ್ಯಾ ನೀನು? ನಮ್ಮೋನು ದಾರಿಮೇಲವ್ನೆ. ಬಂದ ಅಂದ್ರೆ ನಿನ್ ಸೊಂಟ ಮುರೀತಾನೆ,” ಅಂದಳು. ಪರಗಂಡಸು ಕೊಟ್ಟದ್ದು ಅಂತ ಗಂಜಿ ಮುಟ್ಟಲಿಲ್ಲ. ಚಳಿಗಾಲಕ್ಕೆ ಆಲೂಗಡ್ಡೆ ಮುಚ್ಚಿಟ್ಟಿದ್ದ ಮಣ್ಣಿನ ಗುಪ್ಪೆ ಹತ್ತಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆ ನೋಡತೊಡಗಿದಳು. ಆ ಬಯಲಲ್ಲಿ ಅದಕ್ಕಿಂತ ಎತ್ತರದ ಜಾಗ ಇರಲಿಲ್ಲ.

ಉಪವಾಸ ಬಿದ್ದವಳನ್ನು ನೋಡಿ ನೋಡಿ ಮಾವ ಒಂದು ಸಂಜೆ ಸುಮ್ಮನೆ ಹೋಗಿ ಗಾಡಿ ಹೂಡಿದ. ಊರಾಚೆ ಸಾಲುಮರ ಮುಗಿಯುವವರೆಗೆ ಹೋಗಿ, ಗಾಡಿ ತಿರುಗಿಸಿಕೊಂಡು ಬಂದು ಬೇಲಿ ಮುಂದೆ ನಿಲ್ಲಿಸಿದ. ತೆಕ್ಲಾ ಅತ್ತೆ ಗುಪ್ಪೆಯಿಂದ ಜಾರುತ್ತಾ ಇಳಿದು ಬಂದಳು. “ಯಾವ್ಯಾವ ಬೆಟ್ಟ ಕಂಡು ಬಂದೆ?” ಅಂದಳು. ಅವನು ಎಲ್ಲ ಹೇಳಿದ. ಅವಳು ಕೈ ಚಾಚಿದಳು. ಆ ರಾತ್ರಿ ಇಬ್ಬರೂ ಒಂದೇ ಬಟ್ಟಲಲ್ಲಿ ಉಂಡರು.

ಬೆಳಗಾದರೆ ಮತ್ತೆ ಪರಗಂಡಸು. ಹಾಗಾಗಿ ಸಂಜೆಯಾದರೆ ಮತ್ತೆ ಗಾಡಿ. ಮಳೆಯೋ, ಗಾಳಿಯೋ, ಕೈಕಾಲು ನೋವೋ, ಮಾವ ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. ತಪ್ಪಿಸಿದರೆ ಅವಳು ಉಣ್ಣುವುದಿಲ್ಲ.

ಸಬೀನಾ ಇದನ್ನೆಲ್ಲ ಕಿಟಕಿ ಸಂದಿಯಿಂದ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ಬೇಲಿ ಆಚೆಯಿಂದ ಚುಚ್ಚಿದಳು. “ಏನಪ್ಪಾ ಎಣ್ಣೆಯವನೇ, ಹೋದಷ್ಟೇ ಬೇಗ ಬರ್ತೀಯಲ್ಲ, ಗಿರಾಕಿ ಸಿಗಲಿಲ್ವಾ?”

“ನಂಗಿರೋದು ಒಬ್ಳೇ ಗಿರಾಕಿ ಕಣವ್ವಾ,” ಅಂದ ಮಾವ. “ಅವ್ಳೂ ದಿನಾ ಮರೀತಾಳೆ.”

ಆಮೇಲೆ ಸಬೀನಾ ಕಿಟಕಿ ಮುಚ್ಚಿದ್ದನ್ನು ನಾನು ಕಾಣಲಿಲ್ಲ. ಅತ್ತೆ ಗುಪ್ಪೆ ಹತ್ತಿದರೆ ಇವಳು ಕೆಳಗೆ ಕೂತು ಕಾಲುಚೀಲ ಹೆಣೆಯುತ್ತಿದ್ದಳು, ಜಾರಿ ಬಿದ್ದಾಳು ಅಂತ.

ಮುಂದೆ ಒಂದು ಬೇಸಿಗೆಯಲ್ಲಿ ನಮ್ಮೂರ ಕಡೆ ಹೋಗಿ ನೋಡಿಕೊಂಡು ಬರಲು ಅಪ್ಪಣೆಯಾಯಿತು. ಮಾವ ಬರಲೊಲ್ಲ, ಸಂಜೆಗೆ ಗಾಡಿ ಹೂಡುವವರು ಬೇಕಲ್ಲ. ನಾನು ಹೋಗಿ ಬಂದೆ. ಮನೆಗಳಿದ್ದಲ್ಲಿ ತುರಚೆ ಗಿಡ, ಹೊಲಗಳಲ್ಲಿ ಆಳುದ್ದ ಮರ, ಕರೆದರೆ ಓಗೊಡಲು ಒಂದು ನಾಯಿಯಿಲ್ಲ. ಮಾವ ಎಲ್ಲ ಕೇಳಿಸಿಕೊಂಡು, ಅವಳ ಕಿವಿಗೆ ಹಾಕಬೇಡ ಅಂದ. ಅಂದು ಸಂಜೆ ಗಾಡಿಯ ಮೇಲೆ ಕೂತು ಗೂರಾ, ಗರಾ, ಗೋರಾ ಎಲ್ಲ ಹೇಳಿದವನು ಕೊನೆಯದ್ದಕ್ಕೆ ಟೋಪಿ ತೆಗೆದು, ಅದನ್ನೇ ತಿರುವುತ್ತಾ ಕೂತ. ಅತ್ತೆ ಕೈ ಚಾಚದೆ ಕಾದಳು.

“ನಮ್ದು?” ಅಂದಳು.

“ಹೋರಾ,” ಅಂದ ಮಾವ. “ಅಲ್ಲೇ ಐತೆ ಕಣೇ. ಎಲ್ಲಿಗೆ ಹೋಗ್ತದೆ.”

ಆ ಚಳಿಗಾಲ ಅತ್ತೆಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಹಾಸಿಗೆ ಬಿಟ್ಟು ಏಳಲಾರಳು. ಮಂಚದ ಹತ್ತಿರ ಬಂದ ಮಾವನನ್ನು, ಯಾರೋ ಒಳ್ಳೇ ಮುದುಕ, ಪಾಪ, ಅಂತ ಸಬೀನಾಗೆ ಹೇಳಿದಳು. ತನ್ನೋನು ಬಂದರೆ ಬಾಗಿಲು ತೆಗೆಯಿರಿ ಅಂದಳು. ಅವನು ಮಂಚದ ಪಕ್ಕದಲ್ಲೇ ಕೂತು ಎಲ್ಲ ಬೆಟ್ಟಗಳನ್ನೂ ಹೇಳಿ ನೋಡಿದ. ಅವಳ ಕಣ್ಣು ಬಾಗಿಲ ಮೇಲೇ ಇತ್ತು.

ಸಂಜೆ ಹಿಮ ಸುರಿಯುತ್ತಿದ್ದರೂ ಗಾಡಿ ಹೂಡಿದ. ಸಾಲುಮರದ ತನಕ ಹೋಗಿ ಬಂದು ಬೇಲಿ ಮುಂದೆ ನಿಲ್ಲಿಸಿದ. ಕುದುರೆಯ ಗೆಜ್ಜೆ ಕೇಳಿ ಅತ್ತೆಯ ಮುಖ ಬೆಳಗಿತು.

“ಬಂದ,” ಅಂದಳು. “ಅವ್ನು ಇಳೀಬಾರ್ದು. ನಾ ಹೋಗಿ ಕೇಳ್ಬೇಕು.”

ಸಬೀನಾ ಒಂದು ಕಡೆ, ನಾನೊಂದು ಕಡೆ ಹಿಡಿದು ಕೂರಿಸಿದೆವು. ಅತ್ತೆ ಒಂದು ಕಾಲು ನೆಲಕ್ಕೆ ಊರಿದಳು. ಇನ್ನೊಂದು ಕಾಲು ಇಳಿಯುವಷ್ಟರಲ್ಲಿ ತಲೆ ಸಬೀನಾಳ ಭುಜಕ್ಕೆ ವಾಲಿತು. ಅಷ್ಟೇ.

ಹೊರಗೆ ಮಾವ ಗಾಡಿಯ ಮೇಲೇ ಕೂತಿದ್ದ. ಟೋಪಿಯ ಮೇಲೆ, ಮೀಸೆಯ ಮೇಲೆ, ಕುದುರೆಯ ಬೆನ್ನ ಮೇಲೆ ಹಿಮ ಕೂರುತ್ತಿತ್ತು. ಹೋಗಿ ಹೇಳೋಣ ಅಂತ ಬಾಗಿಲವರೆಗೆ ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಸಬೀನಾ ಅತ್ತೆಯನ್ನು ಮೆಲ್ಲಗೆ ಮಲಗಿಸಿ, ತಲೆಗೆ ಶಾಲು ಹೊದ್ದು ನನ್ನನ್ನು ದಾಟಿ ಹೋದಳು. ಬೇಲಿ ಬಾಗಿಲಲ್ಲಿ ನಿಂತಳು. ತನ್ನ ಮಾತಿನಲ್ಲೇ, ಗೂರಾ ಅಂತಲೇ ಕೇಳಿದಳು.

“ಯಾವ್ಯಾವ ಬೆಟ್ಟ ಕಂಡು ಬಂದೆ, ಓನುಫ್ರಿ?”

ಮಾವ ಅವಳ ಮುಖ ನೋಡಿದ. ಅವಳ ಹಿಂದೆ ಅತ್ತೆಯಿಲ್ಲದ ಬಾಗಿಲು ನೋಡಿದ. ಲಗಾಮು ಕೈಯಿಂದ ಜಾರಿತು.

“ಯಾವ್ದೂ ಕಾಣ್ಲಿಲ್ಲ ಕಣವ್ವಾ,” ಅಂದ. “ದಾರಿಯುದ್ದಕ್ಕೂ ಬಯಲೇ.”

ಸಬೀನಾ ಕೈ ಚಾಚಿದಳು. ಎಷ್ಟೋ ಹೊತ್ತಾದ ಮೇಲೆ ಅವನು ಆ ಕೈ ಹಿಡಿದು ಇಳಿದ.